ಹಳೇ ಗೋಡೆಗೆ ಯಾರು ರೊಕ್ಕ ಕೊಡುತ್ತಾರೆ? ಬೊಟಿಕ್ ಹೋಟೆಲ್‌ಗಳ ಒಳಾಂಗಣ ಮತ್ತು ನಮ್ಮ ಸೀಮೆಯ ಕೈಕೆಲಸ

ಗಂಗಾವತಿಯಿಂದ ಆನೆಗೊಂದಿ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನ ಹಳೆಯ ಮನೆ ಇದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಒಳಗೆ ಕಂಬದ ಪಡಸಾಲೆ. ಹತ್ತು ವರ್ಷದಿಂದ ಬೀಗ ಹಾಕಿತ್ತು. ಹೋದ ಚಳಿಗಾಲದಲ್ಲಿ ಬೆಂಗಳೂರಿನಿಂದ ಇಬ್ಬರು ಬಂದು, "ಈ ಮನೆ ಲೀಸಿಗೆ ಕೊಡ್ತೀರಾ? ಬೊಟಿಕ್ ಹೋಟೆಲ್ ಮಾಡ್ಬೇಕು ಅಂತಿದ್ದೀವಿ" ಎಂದು ಕೇಳಿದರು. ಮಾವನಿಗೆ ಖುಷಿಯೋ ಖುಷಿ. ಹಾಗಿದ್ದರೆ ನೆಲಕ್ಕೆ ಟೈಲ್ಸ್ ಹಾಕಿಸಿ, ಗೋಡೆಗೆ ಸಿಮೆಂಟ್ ಮೆತ್ತಿಸಿ, ಪೇಂಟ್ ಹೊಡೆಸಿಯೇ ಕೊಡುತ್ತೇನೆ ಎಂದರು. ಬಂದವರು ಗಾಬರಿಯಾಗಿ, "ದಯವಿಟ್ಟು ಏನನ್ನೂ ಮುಟ್ಟಬೇಡಿ" ಎಂದು ಕೈ ಮುಗಿದರಂತೆ.

ಅವತ್ತು ರಾತ್ರಿ ಮಾವ ನನಗೆ ಫೋನ್ ಮಾಡಿದರು. "ಅಲ್ಲೋ, ಈ ಹಳೇ ಗ್ವಾಡಿಗೆ ಯಾರು ರೊಕ್ಕಾ ಕೊಡ್ತಾರ? ಇದರಾಗ ಏನರ ಮೋಸ ಐತೇನು?"

ನಾನು ಇಂಟೀರಿಯರ್ ಕೆಲಸದಲ್ಲಿ ಇರುವವನು. ಆದರೂ ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅಂಜನಾದ್ರಿ, ಸಾಣಾಪುರ, ಆನೆಗೊಂದಿ ಸುತ್ತಮುತ್ತ ಮನೆ, ಹೊಲ ಇರುವ ಎಷ್ಟೋ ಜನರಿಗೆ ಈಗ ಇದೇ ಪ್ರಶ್ನೆ ಎದುರಾಗುತ್ತಿದೆ. ಬಡಗಿಗಳಿಗೆ, ಗೌಂಡಿಗಳಿಗೆ, ಚಿತ್ರಗಾರರಿಗೆ ಇಂಥ ಹೋಟೆಲ್‌ಗಳಿಂದ ಕೆಲಸದ ಕರೆಯೂ ಬರುತ್ತಿದೆ. ಅದಕ್ಕೇ ಮೊದಲಿಂದ ಶುರುಮಾಡಿ ಬರೆಯುತ್ತಿದ್ದೇನೆ.

ಬೊಟಿಕ್ ಅಂದರೆ ಏನು?

ಬೊಟಿಕ್ ಫ್ರೆಂಚ್ ಭಾಷೆಯ ಮಾತು. ಸಣ್ಣ ಅಂಗಡಿ ಎಂದು ಅದರ ಅರ್ಥ. ರೆಡಿಮೇಡ್ ಅಂಗಿಗೂ ಟೇಲರ್ ಹೊಲಿದ ಅಂಗಿಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ದೊಡ್ಡ ಕಂಪನಿಯ ಹೋಟೆಲ್ ರೆಡಿಮೇಡ್ ಅಂಗಿ ಇದ್ದಂತೆ. ಹುಬ್ಬಳ್ಳಿಯಲ್ಲಿ ಇಳಿದುಕೊಂಡರೂ ಹೈದರಾಬಾದಿನಲ್ಲಿ ಇಳಿದುಕೊಂಡರೂ ಅದೇ ಮಂಚ, ಅದೇ ಪರದೆ, ಸ್ವಿಚ್ಚು ಕೂಡ ಅದೇ ಜಾಗದಲ್ಲಿ. ಕೆಲಸದ ಮೇಲೆ ಊರೂರು ತಿರುಗುವವರಿಗೆ ಅದೇ ಅನುಕೂಲ. ಬೊಟಿಕ್ ಹೋಟೆಲ್ ಹಾಗಲ್ಲ. ಒಂದು ಜಾಗದ ಅಳತೆ ತೆಗೆದುಕೊಂಡು ಆ ಜಾಗಕ್ಕೇ ಹೊಲಿದದ್ದು. ಕೋಣೆಗಳು ಕಡಿಮೆ. ಹತ್ತೋ ಇಪ್ಪತ್ತೋ ಇರಬಹುದು, ನೂರು ದಾಟುವುದು ಅಪರೂಪ. ಒಂದು ಕೋಣೆಯಂತೆ ಇನ್ನೊಂದು ಇರಲೇಬೇಕು ಎಂದೇನಿಲ್ಲ.

ಈ ಹೆಸರು ಹೋಟೆಲ್‌ಗಳಿಗೆ ಅಂಟಿಕೊಂಡದ್ದು 1980ರ ದಶಕದಲ್ಲಿ. 1984ರಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಎಂಬ ಹೋಟೆಲ್ ತೆರೆದರು. ಒಳಾಂಗಣ ಮಾಡಿದವರು ಫ್ರಾನ್ಸಿನ ಆಂದ್ರೆ ಪುಟ್ಮನ್. ಆ ಹೋಟೆಲಿನ ಬಚ್ಚಲುಮನೆಗಳು ಜಗತ್ತಿಗೆಲ್ಲ ಹೆಸರಾದವು. ಅಲ್ಲಿ ಇದ್ದದ್ದು ಅಮೃತಶಿಲೆಯಲ್ಲ, ಚದುರಂಗದ ಮಣೆಯಂತೆ ಜೋಡಿಸಿದ ಸಾದಾ ಕಪ್ಪು ಬಿಳಿ ಟೈಲ್ಸ್. ದುಬಾರಿ ವಸ್ತು ತಂದು ತುಂಬಿದರೆ ಮಾತ್ರ ಚಂದ ಎಂಬ ನಂಬಿಕೆ ಅಲ್ಲಿಂದ ಸ್ವಲ್ಪ ಸಡಿಲವಾಯಿತು.

ನಮ್ಮ ದೇಶದಲ್ಲಿ ಇದು ಬೇರೆ ದಾರಿಯಿಂದ ಬಂತು. ಇಲ್ಲಿ ಅರಮನೆ, ಕೋಟೆ, ವಾಡೆಗಳೇ ಹೋಟೆಲ್ ಆದವು. ಉದಯಪುರದ ಪಿಚೋಲಾ ಕೆರೆಯ ನಡುವಿನ ಅರಮನೆ 1746ರದ್ದು. 1963ರಲ್ಲಿ ಅದು ಹೋಟೆಲ್ ಆಯಿತು. ರಾಜಸ್ಥಾನದ ನೀಮ್ರಾಣಾ ಕೋಟೆ 1464ರದ್ದು. ಪಾಳುಬಿದ್ದಿದ್ದ ಅದನ್ನು ದುರಸ್ತಿ ಮಾಡಿ 1991ರಲ್ಲಿ ಅತಿಥಿಗಳಿಗೆ ತೆರೆದರು. ಕೇಂದ್ರ ಪ್ರವಾಸೋದ್ಯಮ ಇಲಾಖೆ 'ಹೆರಿಟೇಜ್ ಹೋಟೆಲ್' ಎಂದು ಬೇರೆಯೇ ವರ್ಗ ಇಟ್ಟಿದೆ. ಅದಕ್ಕೆ ಕಟ್ಟಡ 1950ಕ್ಕಿಂತ ಹಳೆಯದಾಗಿರಬೇಕು. ಮಾವನ ಮನೆ ಅವರ ಅಜ್ಜನ ಕಾಲದ್ದು. ಬೆಂಗಳೂರಿನವರು ಗೋಡೆ ಮುಟ್ಟಬೇಡಿ ಎಂದದ್ದಕ್ಕೆ ಮೊದಲ ಕಾರಣ ಇದೇ. ಹಳೆಯದನ್ನು ಒಮ್ಮೆ ಕೆಡವಿದರೆ ಮತ್ತೆ ಹಳೆಯದನ್ನು ಕಟ್ಟಲು ಬರುವುದಿಲ್ಲ, ಅಲ್ವಾ?

ಒಳಾಂಗಣ ವಿನ್ಯಾಸ ಎಂದರೆ ಸೋಫಾ ಆರಿಸುವುದಲ್ಲ

ತುಂಬ ಜನ ಇಂಟೀರಿಯರ್ ಡಿಸೈನ್ ಎಂದರೆ ಪರದೆ, ಸೋಫಾ, ಗೋಡೆ ಬಣ್ಣ ಅಂದುಕೊಳ್ಳುತ್ತಾರೆ. ಅವೆಲ್ಲ ಕಡೆಗೆ ಬರುವ ಕೆಲಸಗಳು. ಮೊದಲು ಕೇಳುವುದು ಮನುಷ್ಯ ಹೇಗೆ ನಡೆಯುತ್ತಾನೆ ಎಂದು. ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಏನು ಬೀಳಬೇಕು? ಚಪ್ಪಲಿ ಎಲ್ಲಿ ಬಿಡಬೇಕು? ಬ್ಯಾಗು ಎಲ್ಲಿ ಇಡಬೇಕು? ರಾತ್ರಿ ನಿದ್ದೆಗಣ್ಣಲ್ಲಿ ಎದ್ದರೆ ಬಚ್ಚಲಿಗೆ ಎಡವದೆ ಹೋಗಬಹುದೇ? ನಮ್ಮ ಹಳೆಯ ಮನೆಗಳು ಇದನ್ನೆಲ್ಲ ಯೋಚಿಸಿಯೇ ಕಟ್ಟಿದಂಥವು. ಮೊದಲು ಕಟ್ಟೆ, ಆಮೇಲೆ ಹೊಸ್ತಿಲು, ಆಮೇಲೆ ಪಡಸಾಲೆ, ಅದರಾಚೆ ಒಳಮನೆ. ಹೊರಗಿನವರು ಎಲ್ಲಿಯವರೆಗೆ ಬರಬಹುದು ಎಂದು ಮನೆಯೇ ಹೇಳುತ್ತದೆ. ಒಳ್ಳೆಯ ವಿನ್ಯಾಸಕರು ಈ ಕ್ರಮವನ್ನು ಕೆಡಿಸುವುದಿಲ್ಲ. ಕಟ್ಟೆಯಲ್ಲಿ ಅತಿಥಿಗೆ ಮಜ್ಜಿಗೆ ಕೊಡುತ್ತಾರೆ, ಪಡಸಾಲೆಯಲ್ಲಿ ಊಟ ಬಡಿಸುತ್ತಾರೆ, ಒಳಮನೆಯನ್ನು ಮಲಗುವ ಕೋಣೆ ಮಾಡುತ್ತಾರೆ.

ಎರಡನೆಯದು ಬೆಳಕು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್. ಹಳದಿ ಬಲ್ಬು 2700. ನಮ್ಮ ಮನೆಗಳಲ್ಲಿ ಹಾಕುವ ಬೆಳ್ಳನೆಯ ಟ್ಯೂಬ್‌ಲೈಟು 6500. ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿಯ ಕಡೆ ಹೋಗುತ್ತದೆ. ಅಡುಗೆಮನೆಯಲ್ಲಿ ಅಕ್ಕಿಯ ಕಲ್ಲು ಆರಿಸಲು ಬೆಳ್ಳನೆಯ ಬೆಳಕು ಒಳ್ಳೆಯದು. ಆದರೆ ಮಣ್ಣಿನ ಗೋಡೆ, ಮರದ ಕಂಬ, ಮನುಷ್ಯರ ಮುಖ ಆ ಬೆಳಕಿನಲ್ಲಿ ಬೂದು ಬೂದಾಗಿ ಕಾಣುತ್ತವೆ. ಅದಕ್ಕೇ ಇಂಥ ಹೋಟೆಲ್‌ಗಳಲ್ಲಿ 2700ರಿಂದ 3000 ಕೆಲ್ವಿನ್ ಒಳಗಿನ ದೀಪಗಳನ್ನೇ ಹಾಕುತ್ತಾರೆ. ಬಣ್ಣಗಳು ಹಗಲಿನಲ್ಲಿ ಕಂಡಂತೆ ಕಾಣುತ್ತವೆಯೇ ಎಂಬುದಕ್ಕೆ ಇನ್ನೊಂದು ಅಂಕ ಉಂಟು, 100ಕ್ಕೆ ಲೆಕ್ಕ. 90ರ ಮೇಲೆ ಇರುವ ದೀಪ ಕೊಂಡರೆ ಖಣದ ಕೆಂಪು ಕೆಂಪಾಗಿಯೇ ಕಾಣುತ್ತದೆ. ಅಗ್ಗದ ದೀಪದ ಕೆಳಗೆ ಅದೇ ಕೆಂಪು ಕಂದಾಗುತ್ತದೆ.

ದೀಪ ಎಲ್ಲಿ ಇಡಬೇಕು ಎಂಬುದೂ ಅಷ್ಟೇ ಮುಖ್ಯ. ಮೇಲಿನಿಂದ ನೇರ ಬಿದ್ದ ಬೆಳಕು ಕೆತ್ತನೆಯನ್ನು ಚಪ್ಪಟೆ ಮಾಡುತ್ತದೆ. ಪಕ್ಕದಿಂದ ಸವರಿಕೊಂಡು ಹೋಗುವ ಬೆಳಕು ಪ್ರತಿ ಉಳಿ ಏಟನ್ನೂ ತೋರಿಸುತ್ತದೆ. ಸಂಜೆ ಸೂರ್ಯ ಓರೆಯಾದಾಗ ಹಂಪಿಯ ಕಂಬಗಳನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಹಳೆಯ ಮನೆಯಲ್ಲಿ ಹಣತೆ ಇಡಲು ಗೋಡೆಯಲ್ಲೇ ಗೂಡು ಬಿಟ್ಟಿರುತ್ತಾರಲ್ಲ, ಆ ಗೂಡಿನೊಳಗೆ ಸಣ್ಣ ದೀಪ ಅಡಗಿಸಿಟ್ಟರೆ ಸಾಕು, ಇಡೀ ಗೋಡೆ ಜೀವ ತಳೆಯುತ್ತದೆ.

ಮೂರನೆಯದು ಶಬ್ದ ಮತ್ತು ಸ್ಪರ್ಶ. ನಯವಾದ ಟೈಲ್ಸ್, ಗಾಜು, ಕಾಂಕ್ರೀಟ್ ತುಂಬಿದ ಕೋಣೆಯಲ್ಲಿ ಚಮಚ ಬಿದ್ದರೂ ಗಂಟೆ ಬಾರಿಸಿದಂತಾಗುತ್ತದೆ. ಕಂಬಳಿ, ಜಮಖಾನೆ, ಒರಟು ಗಾರೆ, ಮರದ ಜಂತಿ ಇದ್ದರೆ ಸದ್ದು ಒಡೆದು ಕರಗುತ್ತದೆ. ಅಲ್ಲಿ ಮಲಗಿದವರು 'ಯಾಕೋ ಒಳ್ಳೇ ನಿದ್ದೆ ಬಂತು' ಎನ್ನುತ್ತಾರೆ. ಹಾಗೆ ನಿದ್ದೆ ತರಿಸಿದ್ದು ಯಾರೋ ಕೂತು ಮಾಡಿದ ಲೆಕ್ಕ.

ಗೋಡೆ ಉಸಿರಾಡುತ್ತದೆ ಎಂದರೆ ಏನರ್ಥ?

ಮಾವನ ಮನೆಯ ಬಾವಿ ಕಡೆಯ ಗೋಡೆಗೆ ಏಳೆಂಟು ವರ್ಷದ ಹಿಂದೆ ಸೊಂಟದೆತ್ತರಕ್ಕೆ ಸಿಮೆಂಟ್ ಮೆತ್ತಿಸಿದ್ದರು. ಮಳೆಗಾಲದಲ್ಲಿ ತೇವ ಬರುತ್ತದೆ ಎಂದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಮೇಲಂಚಿನಲ್ಲೇ ಗೋಡೆ ಉದುರಲು ಶುರುವಾಯಿತು. ಬೆರಳಿಂದ ತಟ್ಟಿದರೆ ಸಿಮೆಂಟ್ ಪೊಳ್ಳು ಸದ್ದು ಮಾಡುತ್ತಿತ್ತು. ಒಳಗೆ ಕೈ ಹಾಕಿದರೆ ಮಣ್ಣು ಹಸಿ ಹಸಿ.

ಕಾರಣ ಸರಳ. ಹಳೆಯ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇಲ್ಲ. ನೆಲದ ತೇವ ಮೇಲೇರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವುದಿಲ್ಲವೇ, ಹಾಗೆ. ಮಣ್ಣು, ಸುಣ್ಣದ ಮೇಲ್ಮೈ ಇದ್ದರೆ ಏರಿದ ತೇವ ಗಾಳಿಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ರೇನ್‌ಕೋಟು ಹಾಕಿಕೊಂಡರೆ ಒಳಗೆಲ್ಲ ಬೆವರು ನಿಲ್ಲುವಂತೆ ಗೋಡೆಯೊಳಗೆ ನೀರು ನಿಲ್ಲುತ್ತದೆ, ಸಿಮೆಂಟ್ ಮುಗಿಯುವ ಜಾಗ ಹುಡುಕಿಕೊಂಡು ಮೇಲೇರುತ್ತದೆ. ಗೋಡೆ ಉಸಿರಾಡಬೇಕು ಎಂದು ಕಟ್ಟಡ ದುರಸ್ತಿಯವರು ಹೇಳುವುದು ಇದನ್ನೇ.

ಹಾಗಾಗಿ ಇಂಥ ಕೆಲಸದಲ್ಲಿ ಸುಣ್ಣಕ್ಕೆ ದೊಡ್ಡ ಸ್ಥಾನ. ಎಲೆ ಅಡಿಕೆಗೆ ಹಚ್ಚಿಕೊಳ್ಳುವ ಅದೇ ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾಯಿಸಿದರೆ ಅದರೊಳಗಿನ ಇಂಗಾಲದ ಗಾಳಿ ಹಾರಿಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಅದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನೀರಿನಲ್ಲೇ ನೆನೆಯಲು ಬಿಡುತ್ತಾರೆ. ಬೆಣ್ಣೆಯಂತಾದ ಮೇಲೆ ಮರಳು ಸೇರಿಸಿ ಅರೆಯುತ್ತಾರೆ. ಹಳೆಯ ಗೌಂಡಿಗಳು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಗೋಡೆಗೆ ಹಚ್ಚಿದ ಮೇಲೆ ಸುಣ್ಣ ಗಾಳಿಯಿಂದ ಅದೇ ಇಂಗಾಲದ ಅಂಶವನ್ನು ನಿಧಾನಕ್ಕೆ ವಾಪಸ್ ತೆಗೆದುಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಿಂದ ಹೊರಟು ಕಲ್ಲಿಗೇ ಬಂದು ನಿಲ್ಲುತ್ತದೆ. ನನಗಂತೂ ಎಷ್ಟು ಸಲ ನೋಡಿದರೂ ಇದು ಬೆರಗು.

ಹಂಪಿಯ ಕಮಲ ಮಹಲನ್ನು ಹತ್ತಿರದಿಂದ ನೋಡಿ. ಅದು ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ಕಮಾನುಗಳ ಮೇಲಿನ ಹಕ್ಕಿ, ಹೂವು, ಬಳ್ಳಿ ಎಲ್ಲ ಗಾರೆಯಲ್ಲೇ ತಿದ್ದಿದವು. ಈ ಗಚ್ಚುಗಾರೆ ಕೆಲಸ ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಹೊಸತೇನಲ್ಲ. ಹೊಳೆ ದಾಟಿದರೆ ಕಮಲಾಪುರ. ಮೊದಲು ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ. ಅಲ್ಲಿನ ಇವಾಲ್ವ್ ಬ್ಯಾಕ್ ಹೋಟೆಲನ್ನು ವಿಜಯನಗರದ ಕಟ್ಟಡಗಳನ್ನು ನೆನಪಿಸುವಂತೆಯೇ ಕಟ್ಟಿದ್ದಾರೆ. ಕಟ್ಟಡ ಹೊಸದಾದರೂ ಕಮಾನು, ಕಾರಿಡಾರು ಆ ಕಾಲದ ನೆನಪು ತರುತ್ತವೆ.

'ಸುಣ್ಣದ ಗೋಡೆ ಬಚ್ಚಲಿಗೆ ಆಗುತ್ತಾ?' ಎಂದು ಮಾವ ಕೇಳಿದರು. ಆಗುತ್ತದೆ. ಮೊರಾಕ್ಕೊ ದೇಶದ ಮರ್ರಾಕೇಶ್ ಊರಿನಲ್ಲಿ ತಡೆಲಕ್ತ್ ಎಂಬ ಸುಣ್ಣದ ಗಾರೆ ಇದೆ. ಗಾರೆ ಹಸಿಯಿದ್ದಾಗಲೇ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ, ಆಲಿವ್ ಎಣ್ಣೆಯ ಕಪ್ಪು ಸಾಬೂನು ಹಚ್ಚುತ್ತಾರೆ. ಸುಣ್ಣ, ಸಾಬೂನು ಸೇರಿ ನೀರಿಗೆ ಕರಗದ ಪದರ ಆಗುತ್ತದೆ. ಅಲ್ಲಿನ ಹಳೆಯ ಮನೆಗಳು ಹೋಟೆಲ್ ಆದಾಗ ಬಚ್ಚಲುಮನೆಗಳಿಗೆ ಟೈಲ್ಸ್ ಬದಲು ಇದನ್ನೇ ಬಳಸಿದರು. ಹೆಸರು ಬೇರೆ, ಉಜ್ಜುವ ಕಲ್ಲು ಬೇರೆ. ಕರಣೆ ಹಿಡಿದವರ ತಾಳ್ಮೆ ಮಾತ್ರ ಒಂದೇ.

ಮಾಳಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಜಂತಿ, ಅದರ ಮೇಲೆ ಕಟ್ಟಿಗೆ ಮತ್ತು ಸೊಪ್ಪಿನ ಹಾಸು, ಅದರ ಮೇಲೆ ಗೇಣುದ್ದ ಮಣ್ಣು, ನೀರು ಇಳಿಯದಂತೆ ಸವಳು ಮಣ್ಣು. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಒಳಗೆ ತಂಪು. ಮಧ್ಯಾಹ್ನದ ಕಾವು ಅಷ್ಟು ಮಣ್ಣು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯ ತಂಗಾಳಿ ಬೀಸುತ್ತಿರುತ್ತದೆ. ಒಂದೇ ಕಷ್ಟ, ಪ್ರತಿ ಮಳೆಗಾಲದ ಮೊದಲು ಮಾಳಿಗೆ ಹತ್ತಿ ನೋಡಲೇಬೇಕು.

ಕಿನ್ನಾಳ: ಹುಣಸೆ ಬೀಜದಿಂದ ಬಂಗಾರದ ಬಣ್ಣದವರೆಗೆ

ಬೊಟಿಕ್ ಹೋಟೆಲಿನಲ್ಲಿ ಅಲಂಕಾರದ ಕೈಕೆಲಸ ಎಂದರೆ ಗೋಡೆಗೆ ತೂಗುಹಾಕುವ ಚಿತ್ರ ಮಾತ್ರ ಅಲ್ಲ. ಬಾಗಿಲು, ಕಂಬದ ಬೋದಿಗೆ, ಮಂಚದ ತಲೆಕಡೆಯ ಹಲಗೆ, ಕನ್ನಡಿಯ ಚೌಕಟ್ಟು, ದೀಪದ ಶೇಡು, ಬೀಗದ ಕೈಗೆ ಕಟ್ಟುವ ಗೊಂಬೆ, ಎಲ್ಲವೂ ಅದೇ. ಕೊಪ್ಪಳ ಜಿಲ್ಲೆಯವರಿಗೆ ಇದನ್ನು ವಿವರಿಸಲು ಕಿನ್ನಾಳಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಕೊಪ್ಪಳದ ಹತ್ತಿರವೇ ಇರುವ ಈ ಊರಿನ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದ ಗೊಂಬೆ, ದೇವರ ಮೂರ್ತಿ ಮಾಡುತ್ತ ಬಂದಿವೆ. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಚಿತ್ರಗಳು, ಅಲ್ಲಿನ ತೇರಿನ ಕೆತ್ತನೆ ತಮ್ಮ ಹಿರಿಯರ ಕೆಲಸ ಎಂದು ಅವರಲ್ಲಿ ನಂಬಿಕೆ ಇದೆ. ಕಿನ್ನಾಳ ಗೊಂಬೆಗೆ ಜಿಐ ಗುರುತು ಸಿಕ್ಕಿದೆ. ಅಂದರೆ ಬೇರೆ ಊರಿನವರು ಅದೇ ಹೆಸರಿಟ್ಟು ಮಾರುವಂತಿಲ್ಲ.

ಹೇಗೆ ಮಾಡುತ್ತಾರೆ ನೋಡಿ. ಮೊದಲು ಹಗುರವಾದ, ಮೆತ್ತನೆಯ ಮರದಲ್ಲಿ ಬೇರೆ ಬೇರೆ ತುಂಡು ಕೆತ್ತುತ್ತಾರೆ. ಒಂದು ಗರುಡನಿಗೆ ಹನ್ನೆರಡು ತುಂಡು ಬೇಕಾಗುತ್ತವೆ. ಪೀಠದ ಮೇಲೆ ಕೂತ ಗಣಪನಿಗೆ ಇಪ್ಪತ್ತೆರಡು. ಇವನ್ನು ಜೋಡಿಸುವ ಅಂಟು ಹುಣಸೆ ಬೀಜದ್ದು. ಆಮೇಲೆ ಗೋಣಿಯ ಚಿಂದಿಯನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸುತ್ತಾರೆ. ಇದಕ್ಕೆ ಕಿಟ್ಟ ಎನ್ನುತ್ತಾರೆ. ಕಿಟ್ಟವನ್ನು ಕೈಯಿಂದಲೇ ಮೈಯೆಲ್ಲ ಸವರಿ, ಅದರ ಮೇಲೆ ಹತ್ತಿಬಟ್ಟೆಯ ತುಂಡು ಅಂಟಿಸಿ, ಮೇಲೆ ಸಣ್ಣ ಕಲ್ಲುಗಳನ್ನು ಅರೆದ ಪುಡಿಯ ಲೇಪ ಹಚ್ಚುತ್ತಾರೆ. ಆಭರಣ, ಕಿರೀಟದ ಉಬ್ಬು ಗೆರೆಗಳನ್ನೂ ಇದೇ ಕಲ್ಲಿನ ಪುಡಿಗೆ ಗೋಂದು ಸೇರಿಸಿ ಎಳೆಯುತ್ತಾರೆ. ಬಣ್ಣ ಬರುವುದು ಇಷ್ಟೆಲ್ಲ ಮುಗಿದ ಮೇಲೆ.

ಈ ಪದರಗಳೆಲ್ಲ ಯಾಕೆ? ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ನೇರ ಮರದ ಮೇಲೆ ಬಣ್ಣ ಹಚ್ಚಿದರೆ ಜೋಡಣೆ ಇರುವ ಕಡೆ ಬಿರುಕು ಬಿಡುತ್ತದೆ. ನಡುವಿನ ಬಟ್ಟೆ, ಕಿಟ್ಟ ಮೂಳೆ ಮುರಿದಾಗ ಹಾಕುವ ಪಟ್ಟಿಯಂತೆ ಎಲ್ಲವನ್ನೂ ಹಿಡಿದುಕೊಳ್ಳುತ್ತವೆ.

ಈಗ ಇದೇ ಕೆಲಸ ಹೋಟೆಲಿಗೆ ಬಂದಾಗ ಏನಾಗುತ್ತದೆ? ಇಲ್ಲಿ ಎಚ್ಚರ ಬೇಕು. ದೇವರ ಮನೆಯಲ್ಲಿ ಇರುವ ಗೊಂಬೆಯನ್ನು ದಿನಾ ಯಾರೂ ಮುಟ್ಟುವುದಿಲ್ಲ. ಹೋಟೆಲ್ ಬಾಗಿಲನ್ನು ದಿನಕ್ಕೆ ನೂರು ಸಲ ದೂಡುತ್ತಾರೆ. ಮಂಚದ ಹಲಗೆಗೆ ಎಣ್ಣೆ ಹಚ್ಚಿದ ತಲೆ ಒರಗುತ್ತದೆ. ಕೋಣೆ ಸ್ವಚ್ಛ ಮಾಡುವವರು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಹುಣಸೆ ಅಂಟಿಗೆ, ಕಲ್ಲಿನ ಪುಡಿಗೆ ನೀರು ಆಗುವುದಿಲ್ಲ. ಹೊರ ಜಿಲ್ಲೆಯ ಒಂದು ಹೋಟೆಲಿನಲ್ಲಿ ಬಣ್ಣದ ಸೊಗಸಾದ ಕೆತ್ತನೆಯ ಫಲಕವನ್ನು ಎಸಿಯ ನೇರ ಗಾಳಿಗೆ ಇಟ್ಟಿದ್ದರು. ಒಂದು ವರ್ಷದಲ್ಲಿ ಅಂಚುಗಳು ಪಕಳೆಯಂತೆ ಎದ್ದಿದ್ದವು. ನೋಡಿ ಹೊಟ್ಟೆ ಉರಿಯಿತು. ತಪ್ಪು ಕೆತ್ತಿದವರದ್ದಲ್ಲ, ಇಟ್ಟ ಜಾಗದ್ದು.

ಅದಕ್ಕೆ ಒಳ್ಳೆಯ ವಿನ್ಯಾಸಕರು ಕಿನ್ನಾಳದಂಥ ಕೆಲಸವನ್ನು ಕೈಗೆ ನಿಲುಕದ ಕಡೆ ಇಡುತ್ತಾರೆ. ಬಾಗಿಲ ಮೇಲಿನ ಪಟ್ಟಿ, ಜಂತಿಯ ತುದಿ, ಪಡಸಾಲೆಯ ಗೂಡು. ಕೈ ತಾಗುವ ಕಡೆ ಬಣ್ಣವಿಲ್ಲದ ಗಟ್ಟಿ ಮರದ ಕೆತ್ತನೆ ಇಟ್ಟು ಎಣ್ಣೆ ಉಣಿಸುತ್ತಾರೆ. ಅದು ಮುಟ್ಟಿದಷ್ಟೂ ಹೊಳೆಯುತ್ತದೆ.

ಬಾಳೆ ನಾರು, ಕಂಬಳಿ, ಖಣ

ಬಾಳೆಗೊನೆ ಕಡಿದ ಮೇಲೆ ಆ ಗಿಡ ಮತ್ತೆ ಫಲ ಕೊಡುವುದಿಲ್ಲ. ದಿಂಡನ್ನು ಬಿಸಾಡುವುದೇ ರೂಢಿ. ಆನೆಗೊಂದಿಯ ಹೆಣ್ಣುಮಕ್ಕಳು ಅದರ ಪಟ್ಟೆ ಸುಲಿದು, ಒಣಗಿಸಿ, ಹೊಸೆದು ಹಗ್ಗ ಮಾಡಿ ಬುಟ್ಟಿ, ಚಾಪೆ, ಚೀಲ ಹೆಣೆಯುತ್ತಾರೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಈ ಕೆಲಸವನ್ನು ಊರಿನಲ್ಲಿ ಬೆಳೆಸಿತು. ಹೋಟೆಲ್ ಕೋಣೆಯಲ್ಲಿ ಬಾಳೆ ನಾರಿನ ದೀಪದ ಶೇಡು ತೂಗುಹಾಕಿದರೆ ಬೆಳಕು ಹೆಣಿಗೆಯ ಸಂದಿನಿಂದ ಜಾಲರಿಯಂತೆ ಗೋಡೆ ಮೇಲೆ ಬೀಳುತ್ತದೆ.

ಕಪ್ಪು ಕಂಬಳಿ ನಮ್ಮ ಸೀಮೆಯ ಕುರಿಯ ಉಣ್ಣೆಯದು. ನೇಯುವ ಮೊದಲು ಹಾಸಿನ ದಾರಕ್ಕೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಕಿನ್ನಾಳದ ಅಂಟೂ ಹುಣಸೆ ಬೀಜ, ಕಂಬಳಿಯ ಗಂಜಿಯೂ ಹುಣಸೆ ಬೀಜ! ಒಂದು ಸೀಮೆಯ ಕೈಕೆಲಸಗಳಿಗೆಲ್ಲ ಒಂದೇ ಬೇರು ಇರುವುದು ಹೀಗೆ. ಬಾಗಲಕೋಟೆ ಕಡೆಯ ಗುಳೇದಗುಡ್ಡದ ಖಣ ದಿಂಬಿನ ಮೇಲೆ, ಕುರ್ಚಿಯ ಬೆನ್ನಿಗೆ ಚೆನ್ನಾಗಿ ಒಪ್ಪುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಗುರುತು ಇದೆ. ಗೋಡೆಗೆ ಹಾಕಿದರೆ ಅದರ ಕನ್ನಡಿ ಚೂರುಗಳು ದೀಪ ಹಿಡಿಯುತ್ತವೆ. ಇನ್ನು ಅಜ್ಜಿಯರು ಹಳೇ ಸೀರೆಗಳಿಂದ ಹೊಲಿಯುವ ಕೌದಿ. ಈಗ ಅದನ್ನೇ ದುಬಾರಿ ಹೋಟೆಲ್‌ಗಳಲ್ಲಿ ಮಂಚದ ಕಾಲಕಡೆ ಮಡಚಿ ಇಡುತ್ತಾರೆ.

ಎಲ್ಲವನ್ನೂ ಒಂದೇ ಕೋಣೆಗೆ ತುಂಬಿದರೆ ಮಾತ್ರ ಜಾತ್ರೆಯ ಅಂಗಡಿ ಆಗಿಬಿಡುತ್ತದೆ. ಒಂದು ಕೋಣೆಯಲ್ಲಿ ಒಂದು ಕೆಲಸ ಮುಂದೆ ನಿಲ್ಲಬೇಕು, ಉಳಿದವು ಹಿಂದೆ ಸರಿಯಬೇಕು.

ಒಂದು ಕೋಣೆ ಸಿದ್ಧವಾಗುವ ಬಗೆ

ಕೆಲಸ ಹಿಡಿಯುವ ಬಡಗಿ, ಚಿತ್ರಗಾರರು ಇದನ್ನು ತಿಳಿದಿರುವುದು ಒಳ್ಳೆಯದು. ಮೊದಲು ಇದ್ದ ಕಟ್ಟಡದ ಅಳತೆ ತೆಗೆದು ನಕ್ಷೆ ಮಾಡುತ್ತಾರೆ. ಹಳೆಯ ಮನೆಯಲ್ಲಿ ಯಾವ ಮೂಲೆಯೂ ನೇರ ಇರುವುದಿಲ್ಲ, ಹಾಗಾಗಿ ಇದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ. ಆಮೇಲೆ ವೈರು, ನೀರಿನ ಪೈಪು, ಎಸಿ ಎಲ್ಲಿ ಹೋಗಬೇಕು ಎಂದು ಗುರುತು ಮಾಡುತ್ತಾರೆ. ಗಾರೆ ಆದ ಮೇಲೆ ಗೋಡೆ ಕೊರೆದರೆ ಎಲ್ಲ ಹಾಳು. ಆಮೇಲೆ ವಸ್ತುಗಳ ಮಾದರಿ ತರಿಸುತ್ತಾರೆ. ಗೇಣಗಲ ಮರದ ತುಂಡು, ಅಂಗೈಯಗಲ ಗಾರೆ, ಬಟ್ಟೆಯ ಚೂರು.

ಇದಾದ ಮೇಲೆ ಬರುವುದು ಮಾದರಿ ಕೋಣೆ. ಎಲ್ಲ ಕೋಣೆಗೂ ಕೈ ಹಾಕುವ ಮೊದಲು ಒಂದೇ ಒಂದು ಕೋಣೆಯನ್ನು ಬೀಗದವರೆಗೆ ಪೂರ್ತಿ ಮುಗಿಸುತ್ತಾರೆ. ಮಾಲೀಕರು ಅಲ್ಲಿ ಒಂದು ರಾತ್ರಿ ಮಲಗಿ ನೋಡುತ್ತಾರೆ. ಓದುವ ದೀಪ ಕಣ್ಣಿಗೆ ಚುಚ್ಚುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಬಚ್ಚಲ ನೀರು ಈಚೆ ಹರಿಯುತ್ತದೆ ಎಂದೆಲ್ಲ ಪಟ್ಟಿ ಮಾಡುತ್ತಾರೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಿದಂತೆ.

ದುಡ್ಡಿನ ಲೆಕ್ಕವೂ ಇಲ್ಲೇ ಇದೆ. ಒಂದು ಕೆತ್ತನೆ ಬಾಗಿಲಿಗೆ ಇಬ್ಬರು ಇಪ್ಪತ್ತು ದಿನ ಕೂತರೆ ನಲವತ್ತು ಆಳಿನ ಕೂಲಿ. ಅದರ ಮೇಲೆ ಮರದ ದುಡ್ಡು, ಸಾಗಿಸುವ ದುಡ್ಡು. ಫ್ಯಾಕ್ಟರಿ ಬಾಗಿಲು ಇದರ ಹತ್ತಿರಕ್ಕೂ ಬರುವುದಿಲ್ಲ. ಕೋಣೆಯ ಬಾಡಿಗೆಯಲ್ಲಿ ಅತಿಥಿ ಕೊಡುವುದು ಈ ದಿನಗಳ ಬೆಲೆಯನ್ನು. ಕೆಲಸ ಒಪ್ಪಿಕೊಳ್ಳುವವರು ಅಳತೆ, ಮರದ ಜಾತಿ, ಮುಂಗಡ, ಮುಗಿಸುವ ತಾರೀಕು, ಸಾಗಿಸುವಾಗ ಮುರಿದರೆ ಯಾರ ಹೊಣೆ, ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಹೋಟೆಲ್ ನಡೆಯಲು ಶುರುವಾದ ಮೇಲೆ ವರ್ಷಕ್ಕೊಮ್ಮೆ ಬಂದು ದುರಸ್ತಿ ಮಾಡುವ ಕೂಲಿಯನ್ನೂ ಆಗಲೇ ಮಾತಾಡಿಕೊಳ್ಳಿ. ಎಷ್ಟೋ ಜನ ಇದನ್ನು ಮರೆಯುತ್ತಾರೆ.

ಕೈಕೆಲಸವೋ, ಅಚ್ಚಿನದೋ?

ಈಗ ಕಂಪ್ಯೂಟರ್ ಯಂತ್ರ ಮರ ಕೊರೆಯುತ್ತದೆ. ಫೈಬರಿನ ಅಚ್ಚಿನಲ್ಲಿ ಕಲ್ಲಿನ ಕಂಬದಂಥದ್ದನ್ನೇ ಎರಕ ಹೊಯ್ಯುತ್ತಾರೆ. ಅವಕ್ಕೂ ಅವುಗಳ ಜಾಗ ಇದೆ. ಆದರೆ ಕೈಕೆಲಸದ ಬೆಲೆ ಹೇಳಿ ಅಚ್ಚಿನದನ್ನು ಕೊಟ್ಟರೆ ತಿಳಿಯಬೇಕಲ್ಲ.

ಒಂದೇ ಹೂವು ನಾಲ್ಕು ಕಡೆ ಕೆತ್ತಿದ್ದರೆ ನಾಲ್ಕನ್ನೂ ನೋಡಿ. ಕೈಯಲ್ಲಿ ಮಾಡಿದ್ದಾದರೆ ಎಲ್ಲೋ ಒಂದು ಎಸಳು ದಪ್ಪ, ಒಂದು ಸಣ್ಣ ಇರುತ್ತದೆ. ಯಂತ್ರದ್ದಾದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಒಳಗಿನ ಮೂಲೆಗಳು ಕೊರೆಯುವ ಮೊನೆಯಷ್ಟು ದುಂಡಗಿರುತ್ತವೆ. ಉಳಿ ಮಾತ್ರ ಚೂಪಾದ ಮೂಲೆ ಬಿಡುತ್ತದೆ. ಕಂಬವನ್ನು ಗೆಣ್ಣಿನಿಂದ ತಟ್ಟಿ ನೋಡಿ. ಕಲ್ಲು ಸದ್ದು ಮಾಡುವುದಿಲ್ಲ, ಫೈಬರ್ ಡಬ್ಬದಂತೆ ಸದ್ದು ಮಾಡುತ್ತದೆ. ಬೇಸಿಗೆಯಲ್ಲಿ ನೆರಳಿನ ಕಲ್ಲು ಅಂಗೈಗೆ ತಣ್ಣಗೆ ತಾಗುತ್ತದೆ, ಫೈಬರ್ ತಾಗುವುದಿಲ್ಲ. ಮರದ ಹಲಗೆಯಾದರೆ ಅಂಚು ನೋಡಿ. ಮೇಲಿನ ಗೆರೆಗಳು ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ. ಅಂಚಿನಲ್ಲಿ ಬೇರೆ ಪಟ್ಟಿ ಅಂಟಿಸಿದ್ದರೆ ಒಳಗೆ ಪ್ಲೈವುಡ್ಡು.

ಕಟ್ಟುವ ಮೊದಲು ಅನುಮತಿ

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಆನೆಗೊಂದಿ ಕಡೆಯ ಹಳ್ಳಿಗಳೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ನಿಯಮ ಮೀರಿ ಕಟ್ಟಿದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಿದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಲೀಸಿನ ಕಾಗದಕ್ಕೆ ಸಹಿ ಹಾಕುವ ಮೊದಲು ಅಲ್ಲಿ ಹೋಟೆಲ್ ನಡೆಸಲು ಅನುಮತಿ ಸಿಗುತ್ತದೆಯೇ, ಗೋಡೆ, ಮಾಳಿಗೆ ಎಷ್ಟರ ಮಟ್ಟಿಗೆ ಬದಲಿಸಬಹುದು ಎಂದು ಬರವಣಿಗೆಯಲ್ಲಿ ಕೇಳಿ ತಿಳಿಯಬೇಕು. ಮಾವನಿಗೆ ನಾನು ಮೊದಲು ಹೇಳಿದ್ದೇ ಇದು. ಅವರು ಆ ಕಾಗದಗಳು ಬರುವವರೆಗೆ ಮೂರು ತಿಂಗಳು ಕಾದರು.

ಈಗ ಕೆಲಸ ಶುರುವಾಗಿದೆ. ಬಾವಿ ಕಡೆಯ ಗೋಡೆಯ ಸಿಮೆಂಟನ್ನು ಕೆತ್ತಿ ತೆಗೆದರು. ಒಳಗಿನ ಹಸಿ ಆರಲೆಂದು ಗೋಡೆಯನ್ನು ಒಂದು ಬೇಸಿಗೆ ಹಾಗೇ ಬಿಟ್ಟರು. ಕಳೆದ ವಾರ ಒಂದು ಮೀಟರ್ ಚೌಕದಷ್ಟು ಮಾತ್ರ ಹೊಸ ಸುಣ್ಣದ ಗಾರೆ ಹಚ್ಚಿ, ಕಲ್ಲಿನಿಂದ ಉಜ್ಜಿ ಮಾದರಿ ಮಾಡಿದ್ದಾರೆ. ಬೇಗ ಒಣಗಿ ಬಿರುಕು ಬಿಡದಂತೆ ಅದಕ್ಕೆ ದಿನಾ ನೀರು ಚಿಮುಕಿಸಬೇಕು. ಆ ಕೆಲಸವನ್ನು ಮಾವ ತಾವೇ ವಹಿಸಿಕೊಂಡಿದ್ದಾರೆ. ಬೆಳಿಗ್ಗೆ ಚಹಾ ಕುಡಿದು ಚೊಂಬು ಹಿಡಿದು ಹೋಗುತ್ತಾರೆ. ನಿನ್ನೆ ಫೋನಿನಲ್ಲಿ ಕೇಳಿದೆ, ಹೇಗಿದೆ ಮಾವಾ ಎಂದು.

"ಅಂಗೈ ಇಟ್ಟು ನೋಡಿದ್ನಿ. ಇನ್ನಾ ತಣ್ಣಗ ಐತಿ. ನಮ್ಮಜ್ಜನ ಕಾಲದ ಗ್ವಾಡಿ ಹಿಂಗ ಇತ್ತು ನೋಡು."